ಎರಡು ವಾರ ಹಡಗಲ್ಲಿದ್ದು ಬಾರ್ಸಿಲೋನಾದಲ್ಲಿ ಇಳಿದು ತುಮಕೂರಿಗೆ ಬರ್ತಿದಾರೆ ಅಪ್ಪ ಅಮ್ಮ, ಇಳಿಯೋ ದಿನ ಹೇಗಿರುತ್ತೆ ಗೊತ್ತಿರೋರು ಹೇಳಿ

ಸುಮ_ಎಸ್ಎಸ್‌ಪುರಂ

ಎಲ್ಲರಿಗೂ ನಮಸ್ಕಾರ. ಕ್ರೂಸ್ ಹೋಗಿ ಬಂದವರು, ಹಡಗಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ಅಪ್ಪ ಅಮ್ಮ ಅಮೆರಿಕಾದಲ್ಲಿ ನಮ್ಮಣ್ಣನ ಮನೇಲಿದಾರೆ. ವಾಪಸ್ ಬರೋಕೆ ಸುಮ್ನೆ ಫ್ಲೈಟ್ ಬುಕ್ ಮಾಡೋದು ಬಿಟ್ಟು ನಮ್ಮಣ್ಣ ಫ್ಲೋರಿಡಾದಿಂದ ಬಾರ್ಸಿಲೋನಾಗೆ ಹೋಗೋ ಹಡಗು ಬುಕ್ ಮಾಡಿದಾನೆ, ಚಳಿಗಾಲವೆಲ್ಲಾ ಆ ಕಡೆ ಓಡಾಡೋ ಹಡಗುಗಳು ಏಪ್ರಿಲ್ ಹೊತ್ತಿಗೆ ಯುರೋಪಿಗೆ ಹೋಗ್ತಾವಂತೆ, ಹೆಂಗೂ ಹೋಗ್ಲೇಬೇಕಲ್ಲ ಅಂತ ಜನನ್ನ ಕಡಿಮೆ ರೇಟಿಗೆ ಹತ್ತಿಸ್ಕೊಂಡು ಹೋಗ್ತಾರಂತೆ, ಅಪ್ಪಂಗೆ ಅಟ್ಲಾಂಟಿಕ್ ದಾಟಬೇಕು ಅನ್ನೋದು ಭೂಗೋಳ ಪಾಠ ಮಾಡ್ತಿದ್ದ ಕಾಲದಿಂದಲೂ ಆಸೆ, ಸರಿ ಅಂತ ಒಪ್ಕೊಂಡ್ವಿ.

ಈಗ ತಲೆಬಿಸಿ ಏನಂದ್ರೆ ಅಣ್ಣ ಅತ್ತಿಗೆನೂ ಅದೇ ಹಡಗಲ್ಲಿ ಬರ್ತಾರೆ ಆದ್ರೆ ಬಾರ್ಸಿಲೋನಾದಲ್ಲಿ ಇಳಿದ ದಿನಾನೇ ಅವರು ಅಮೆರಿಕಾ ಕಡೆ ವಾಪಸ್, ಇವರಿಬ್ಬರು ಮಧ್ಯಾಹ್ನ ಮೂರೂವರೆ ಫ್ಲೈಟಲ್ಲಿ ಗಲ್ಫ್ ಮೇಲೆ ಬೆಂಗಳೂರಿಗೆ. ಅಪ್ಪಂಗೆ 71, ಗಟ್ಟಿಯಾಗಿದಾರೆ. ಅಮ್ಮಂಗೆ ಬಿಪಿ ಶುಗರ್ ಎರಡೂ ಇದೆ, ಮಂಡಿನೋವು, ಮಧುಗಿರಿ ಬಸ್ಸಲ್ಲಿ ಹೋದ್ರೇನೇ ತಲೆಸುತ್ತು ಅನ್ನೋರು. ಇಳಿಯೋ ದಿನ ಲಗೇಜ್ ಎಲ್ಲ ಹೆಂಗೆ, ಎಷ್ಟೊತ್ತಿಗೆ ಹೊರಗೆ ಬಿಡ್ತಾರೆ, ಅದೇ ದಿನ ಫ್ಲೈಟ್ ಹತ್ತೋದು ಸರೀನಾ ಅಥವಾ ಒಂದು ದಿನ ಅಲ್ಲೇ ಉಳ್ಕೊಳ್ಳೋದು ವಾಸೀನಾ? ಅಣ್ಣನ್ನ ಕೇಳಿದ್ರೆ ಎಲ್ಲಾ ಅವರೇ ಹೇಳ್ತಾರೆ ಬಿಡೇ ಅಂತಾನೆ. ಅವನು ಯಾವತ್ತೂ ಹಂಗೇ.

ಮುಳಬಾಗ್ಲು_ಮಂಜ

ಅಕ್ಕ ನಾನು ಹಡಗಲ್ಲೇ ಇರೋದು, ಹೌಸ್‌ಕೀಪಿಂಗ್, ರೂಮ್ ಸ್ಟೀವರ್ಡ್. ಈಗ ರಜೆ ಮೇಲೆ ಊರಲ್ಲಿದೀನಿ. ಕಂಪನಿ ಹೆಸರೆಲ್ಲ ಬೇಡ, ಎಲ್ಲಾ ಕಡೆ ಪದ್ಧತಿ ಹೆಚ್ಚುಕಮ್ಮಿ ಒಂದೇ.

ಇಳಿಯೋ ಹಿಂದಿನ ದಿನಾನೇ ರೂಮಿಗೆ ಲಗೇಜ್ ಟ್ಯಾಗ್ ಬರುತ್ತೆ, ಬಣ್ಣದ್ದೋ ನಂಬರಿಂದೋ. ಅದನ್ನ ದೊಡ್ಡ ಸೂಟ್‌ಕೇಸಿಗೆ ಕಟ್ಟಿ ರಾತ್ರಿ ಹತ್ತು ಹನ್ನೊಂದರೊಳಗೆ ಬಾಗಿಲ ಹೊರಗೆ ಇಡಬೇಕು. ಆಮೇಲೆ ನಮ್ಮ ಕೆಲಸ ಶುರು, ಆ ಹೊತ್ತಲ್ಲಿ ಕಾರಿಡಾರ್ ನೋಡಬೇಕು ನೀವು, ಕೋಲಾರ ಎಪಿಎಂಸಿಲಿ ಟೊಮೇಟೊ ಕ್ರೇಟ್ ಜೋಡಿಸಿಟ್ಟಂಗೆ ಉದ್ದಕ್ಕೂ ಸೂಟ್‌ಕೇಸು, ನಡೆಯೋಕೆ ಜಾಗ ಇರಲ್ಲ. ಎಲ್ಲಾ ಕೆಳಗಿನ ಡೆಕ್‌ಗೆ ಸಾಗಿಸಿ ಬೆಳಗ್ಗೆ ಹಡಗು ಕಟ್ಟಿದ ಮೇಲೆ ಟರ್ಮಿನಲ್ಲಲ್ಲಿ ಬಣ್ಣದ ಪ್ರಕಾರ ಸಾಲಾಗಿ ಇಟ್ಟಿರ್ತಾರೆ. ನಿಮ್ಮ ಬಣ್ಣ ಕರೆದಾಗ ಇಳಿದು ಹೋಗಿ ಎತ್ಕೊಳ್ಳೋದು ಅಷ್ಟೇ.

ಇದರಲ್ಲಿ ಎಡವಟ್ಟಾಗೋದು ಒಂದೇ ಕಡೆ. ಬೆಳಗ್ಗೆ ಹಾಕ್ಕೊಳ್ಳೋ ಬಟ್ಟೆ, ಚಪ್ಪಲಿ, ಹಲ್ಲಿನ ಸೆಟ್ಟು, ಮಾತ್ರೆ, ಪಾಸ್‌ಪೋರ್ಟು, ಚಾರ್ಜರ್ ಇವನ್ನೆಲ್ಲ ಸೂಟ್‌ಕೇಸಿಗೇ ತುಂಬಿ ಆಚೆ ಇಟ್ಬಿಡ್ತಾರೆ. ಒಂದ್ಸಲ ಒಬ್ರು ವಯಸ್ಸಾದ ಯಜಮಾನರು ಬೆಳಗ್ಗೆ ಆರಕ್ಕೆ ಬಾಗಿಲು ಇಷ್ಟೇ ಇಷ್ಟು ತೆಗೆದು ತಮ್ಮಾ ನನ್ನ ಪ್ಯಾಂಟು ಎಲ್ಲಿ ಅಂತ ಇಂಗ್ಲಿಷಲ್ಲಿ ಕೇಳಿದ್ರು, ಪ್ಯಾಂಟು ಆಗ್ಲೇ ಕೆಳಗೆ ಸಾವಿರಾರು ಬ್ಯಾಗ್ ಮಧ್ಯೆ ಇತ್ತು. ಕೊನೆಗೆ ನನ್ನ ರೂಮ್‌ಮೇಟ್‌ದು ಟ್ರ್ಯಾಕ್ ಪ್ಯಾಂಟ್ ಕೊಟ್ಟು ಕಳಿಸಿದ್ವಿ, ಅವರ ಹೆಂಡ್ತಿ ನಕ್ಕು ನಕ್ಕು ಸುಸ್ತು. ಅದಕ್ಕೇ ಹೇಳೋದು, ಒಂದು ಕೈಚೀಲ ಬೇರೆ ಮಾಡಿಟ್ಕೊಳ್ಳಿ, ಅದರಲ್ಲಿ ಮೊದಲು ಅಮ್ಮನ ಮಾತ್ರೆ. ರೂಮಿನ ಲಾಕರ್ ಖಾಲಿ ಮಾಡಿ ಅದರ ಬಾಗಿಲು ತೆರೆದೇ ಬಿಡಿ ಅನ್ನಿ, ಮುಚ್ಚಿದ್ರೆ ಒಳಗೆ ಏನೋ ಇದೆಯೇನೋ ಅಂತ ಇಳಿಯೋವರೆಗೂ ಮನಸ್ಸು ಕೊರೀತಾನೇ ಇರುತ್ತೆ, ನಾನು ದಿನಾ ನೋಡ್ತೀನಿ.

ಬಿಲ್ಲು ಕೊನೇ ದಿನ ಸಾಯಂಕಾಲಾನೇ ನೋಡಿಬಿಡಿ. ಟಿವೀಲೋ ಆ್ಯಪಲ್ಲೋ ಬರುತ್ತೆ. ಟಿಪ್ಸ್ ಅಂತ ದಿನಕ್ಕಿಷ್ಟು ಅಂತ ತಲಾ ಸೇರಿಸಿರ್ತಾರೆ, ಅದಲ್ಲದೆ ಕುಡೀದೇ ಇರೋ ಡ್ರಿಂಕ್, ತಗೊಳ್ದೇ ಇರೋ ಫೋಟೋ ಏನಾದ್ರೂ ಹತ್ತಿದ್ರೆ ರಾತ್ರೀನೇ ಕೌಂಟರಿಗೆ ಹೋಗಿ ತೆಗೆಸಿ. ಬೆಳಗ್ಗೆ ಹೋದ್ರೆ ಕ್ಯೂ ಮೆಟ್ಟಿಲವರೆಗೂ ಇರುತ್ತೆ. ನಮಗೆ ಕೈಗೆ ಬೇರೆ ಕೊಡಬೇಕಾ ಅಂತ ಕೇಳ್ತಾರೆ ಬಾಳ ಜನ, ಬೇಕಂತೇನಿಲ್ಲ ಅಕ್ಕ, ಆದ್ರೆ ಆಮೇಲೆ ಮೇಲ್‌ಗೆ ಫೀಡ್‌ಬ್ಯಾಕ್ ಫಾರಂ ಬರುತ್ತಲ್ಲ ಅದರಲ್ಲಿ ರೂಮ್ ನೋಡ್ಕೊಂಡ ಹುಡುಗನ ಹೆಸರು ಬರೆದ್ರೆ ಅದು ದುಡ್ಡಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತೆ, ಮುಂದಿನ ಕಾಂಟ್ರಾಕ್ಟಲ್ಲಿ ಅದನ್ನ ನೋಡ್ತಾರೆ.

ಅಮ್ಮಂಗೆ ವೀಲ್‌ಚೇರ್ ಬೇಕು ಅಂತ ಎರಡು ದಿನ ಮುಂಚೇನೇ ಗೆಸ್ಟ್ ಸರ್ವೀಸಲ್ಲಿ ಬರೆಸಿ. ಮಂಡಿನೋವು ಅಂದ್ರೆ ಸಾಕು. ಟರ್ಮಿನಲ್ ಒಳಗೆ ನಡೆಯೋದು ಬಾಳ ಇರುತ್ತೆ. ಬೆಳಗ್ಗೆ ಎಂಟರ ಹೊತ್ತಿಗೆ ರೂಮ್ ಬಿಡಿ ಅಂತಾರೆ, ಬೇಜಾರ್ ಮಾಡ್ಕೋಬೇಡಿ, ಅವತ್ತೇ ಮಧ್ಯಾಹ್ನ ಅದೇ ಹಡಗಿಗೆ ಹಡಗು ತುಂಬ ಹೊಸ ಜನ ಹತ್ತುತಾರೆ, ನಮಗೆ ಅಷ್ಟೂ ರೂಮ್ ರೆಡಿ ಆಗ್ಬೇಕು.

ಚಿಂತಾಮಣಿ_ರವಿ

ಮಂಜ ಹೇಳಿದ್ದೆಲ್ಲಾ ಸರಿ. ಅದೇ ದಿನ ಫ್ಲೈಟ್ ಬಗ್ಗೆ ನಾನು ಹೇಳ್ತೀನಿ. ಹಡಗು ಬಾರ್ಸಿಲೋನಾಗೆ ಬೆಳಗ್ಗೆ ಐದು ಆರಕ್ಕೇ ಬಂದು ನಿಂತಿರುತ್ತೆ, ಒಂಬತ್ತೂವರೆ ಒಳಗೆ ಎಲ್ಲಾ ಆಚೆ. ಏರ್‌ಪೋರ್ಟು ಬಂದರಿಂದ ದೂರ ಇಲ್ಲ, ಟ್ಯಾಕ್ಸೀಲಿ ಅರ್ಧ ಗಂಟೆ ಸಾಕು, ಅದೂ ಕ್ರೂಸ್ ಟರ್ಮಿನಲ್ಲಿಂದ ಏರ್‌ಪೋರ್ಟಿಗೆ ಫಿಕ್ಸೆಡ್ ರೇಟು, ಮೀಟರ್ ಜಗಳ ಇಲ್ಲ. ಮೂರೂವರೆ ಫ್ಲೈಟಿಗೆ ಏನೂ ತೊಂದರೆ ಇಲ್ಲ. ಹನ್ನೊಂದರ ಫ್ಲೈಟ್ ಆಗಿದ್ರೆ ಬೇಡ ಅಂತಿದ್ದೆ, ಮಂಜು ಕವಿದ್ರೆ ಹಡಗು ಒಳಗೆ ಬರೋದೇ ಲೇಟ್ ಆಗುತ್ತೆ. ನಿಮ್ಮಣ್ಣಂದು ಎಷ್ಟೊತ್ತಿಗೆ ಅಂತ ಅವನೇ ನೋಡ್ಕೊಳ್ಳಿ.

ಕೆಲವರು ಟೈಮಿದೆಯಲ್ಲ ಅಂತ ಬಸ್ಸಲ್ಲಿ ಕೊಲಂಬಸ್ ಕಂಬದ ಹತ್ರ ಇಳಿದು ರಾಂಬ್ಲಾ ಬೀದಿ ಸುತ್ತೋಕೆ ಹೋಗ್ತಾರೆ. ಲಗೇಜ್ ಇಟ್ಕೊಂಡು ಬೇಡವೇ ಬೇಡ, ಅಲ್ಲಿ ಜೇಬುಗಳ್ಳರ ಕಾಟ ಲೋಕಪ್ರಸಿದ್ಧ. ಇಬ್ಬರು ವಯಸ್ಸಾದವರು, ನಾಲ್ಕು ಬ್ಯಾಗು, ಒಬ್ರ ಕುತ್ತಿಗೇಲಿ ಮಾಂಗಲ್ಯದ ಸರ ಅಂದ್ರೆ ಹೇಳೋದೇ ಬೇಡ. ನೇರ ಏರ್‌ಪೋರ್ಟಿಗೆ ಹೋಗಿ ಕೂತ್ಕೊಳ್ಳಲಿ, ಬೋರಾದ್ರೂ ಪರವಾಗಿಲ್ಲ.

ಅದಕ್ಕಿಂತ ಮುಖ್ಯ ವೀಸಾ. ಅಮೆರಿಕಾ ವೀಸಾ ಇದ್ರೆ ಸಾಲಲ್ಲ, ಶೆಂಗೆನ್ ಬೇಕು, ಅಂದ್ರೆ ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿಸಿ ಕೊಡೋ ಒಂದೇ ವೀಸಾ, ಅದು ಊರಿಂದ ಹೊರಡೋಕೆ ಮುಂಚೆ ಬೆಂಗಳೂರಲ್ಲೇ ಮಾಡಿಸಿರ್ಬೇಕು, ಟೂರಿಸ್ಟ್ ಆಗಿ ಅಮೆರಿಕಾಗೆ ಹೋದವರು ಅಲ್ಲಿಂದ ಅಪ್ಲೈ ಮಾಡೋದು ಕಷ್ಟ. ಮಾಡ್ಸಿದೀರಾ? ಸಿಂಗಲ್ ಎಂಟ್ರಿನಾ ಮಲ್ಟಿಪಲ್ಲಾ? ಹಡಗು ದಾರೀಲಿ ಪೋರ್ಚುಗಲ್‌ನ ಅಝೋರಸ್ ದ್ವೀಪದಲ್ಲೋ ಮದೈರಾದಲ್ಲೋ ನಿಂತು ಆಮೇಲೆ ಸ್ಪೇನ್ ಅಂದ್ರೆ ಎಲ್ಲಾ ಶೆಂಗೆನ್ನೇ. ಮಧ್ಯೆ ಮೊರಾಕ್ಕೋದಲ್ಲಿ ನಿಂತ್ರೆ ಒಂದ್ಸಲ ಆಚೆ ಹೋಗಿ ಮತ್ತೆ ಒಳಗೆ ಬಂದ ಲೆಕ್ಕ ಆಗುತ್ತೆ, ಸಿಂಗಲ್ ಎಂಟ್ರಿಯವರಿಗೆ ಅಲ್ಲೇ ತಗಲಾಕ್ಕೊಳ್ಳೋದು. ಇನ್ನೊಂದು, 2025ರ ಅಕ್ಟೋಬರ್‌ನಿಂದ ಯುರೋಪಲ್ಲಿ ಬೆರಳಚ್ಚು ಫೋಟೋ ತಗೊಳ್ಳೋ ಹೊಸ ಪದ್ಧತಿ ಬಂದಿದೆ, ಕ್ಯೂ ನಿಧಾನ, ಏರ್‌ಪೋರ್ಟಲ್ಲಿ ಇಮಿಗ್ರೇಷನ್‌ಗೆ ಟೈಮ್ ಇಟ್ಕೊಳ್ಳಲಿ.

ಸುಮ_ಎಸ್ಎಸ್‌ಪುರಂ

ಮಂಜ ತುಂಬಾ ಥ್ಯಾಂಕ್ಸಪ್ಪ, ಪ್ಯಾಂಟ್ ಕಥೆ ಅಮ್ಮಂಗೆ ಫೋನಲ್ಲಿ ಹೇಳ್ದೆ, ನಿಮ್ಮಪ್ಪ ಹಂಗೇ ಮಾಡೋದು ಅಂತ ನಗಾಡ್ತಿದ್ರು. ರವಿ ಅವರೇ, ವೀಸಾ ಹೋಗೋಕೆ ಮುಂಚೇನೇ ಆಗಿದೆ, ಮಲ್ಟಿಪಲ್ಲು, ಈಗಷ್ಟೇ ಕಾಪಿ ತೆಗೆದು ನೋಡ್ದೆ. ಅಝೋರಸ್ ಇದೆ, ಸ್ಪೇನ್‌ನ ಮಲಗಾ ಅಂತ ಇನ್ನೊಂದು ಊರಿದೆ, ಮೊರಾಕ್ಕೋ ಇಲ್ಲ. ಫ್ಲೈಟ್ ಎರಡೂ ಒಂದೇ ಟಿಕೆಟ್, ಬ್ಯಾಗು ಬೆಂಗಳೂರಲ್ಲೇ ಸಿಗುತ್ತೆ.

ಈಗ ಹೊಸ ಭಯ. ನಮ್ಮ ಅತ್ತಿಗೆ ಫ್ರೆಂಡ್ ಒಬ್ರಿಗೆ ಕ್ರೂಸಿಂದ ಇಳಿದ ಮೇಲೆ ವಾರಗಟ್ಟಲೆ ನೆಲ ತೂಗಿದಂಗೆ ಆಗ್ತಿತ್ತಂತೆ. ಅಮ್ಮಂಗೆ ಮೊದಲೇ ತಲೆಸುತ್ತು. ಹಿಂಗಾಗೋದು ನಿಜಾನಾ?

ಕೋಲಾರ_ಇಎನ್‌ಟಿ

ನಿಜ. ನಾನು ಕೋಲಾರದಲ್ಲಿ ಕಿವಿ ಮೂಗು ಗಂಟಲು ನೋಡೋ ಡಾಕ್ಟರ್. ಹಡಗಿನ ಕೇಸು ನಮ್ಮ ಕಡೆ ಅಪರೂಪ, ಆದ್ರೆ ಈಗೀಗ ಕೇಳ್ಕೊಂಡು ಬರ್ತಾರೆ.

ನಡೆಯೋದು ಇಷ್ಟು. ಒಳಕಿವಿಯಲ್ಲಿ ಸಮತೋಲನದ ಅಂಗ ಇದೆ, ಕಣ್ಣು, ಪಾದ, ಕೀಲುಗಳಿಂದ ಬರೋ ಸುದ್ದಿನೂ ಸೇರಿಸ್ಕೊಂಡು ಮೆದುಳು ನಾವು ನೆಟ್ಟಗೆ ನಿಂತಿದೀವಾ ಅಂತ ಲೆಕ್ಕ ಹಾಕ್ತಿರುತ್ತೆ. ಹಡಗಲ್ಲಿ ಮೊದಲೆರಡು ದಿನ ಈ ಲೆಕ್ಕ ತಪ್ಪಿ ವಾಂತಿ, ತಲೆಸುತ್ತು. ಆಮೇಲೆ ಮೆದುಳು ತೂಗಾಟವನ್ನೇ ಲೆಕ್ಕಕ್ಕೆ ಸೇರಿಸ್ಕೊಂಡುಬಿಡುತ್ತೆ, ಆರಾಮಾಗ್ತಾರೆ. ಇಳಿದ ಮೇಲೆ ನೆಲ ಅಲ್ಲಾಡ್ತಿಲ್ಲ, ಮೆದುಳು ಇನ್ನೂ ಆ ಲೆಕ್ಕದಲ್ಲೇ ಇದೆ. ಅದಕ್ಕೇ ನಿಂತಾಗ, ಸ್ನಾನ ಮಾಡ್ತಾ ಕಣ್ಮುಚ್ಚಿದಾಗ, ಕಂಪ್ಯೂಟರ್ ಮುಂದೆ ಕೂತಾಗ ತೂಗಿದಂಗೆ ಅನ್ಸುತ್ತೆ. ಬಹಳ ಜನಕ್ಕೆ ಒಂದೆರಡು ದಿನ, ಹೆಚ್ಚಂದ್ರೆ ಕೆಲವು ದಿನದಲ್ಲಿ ತಾನಾಗೇ ಹೋಗುತ್ತೆ. ಔಷಧಿ ಬೇಡ.

ವಿಚಿತ್ರ ಏನು ಗೊತ್ತಾ, ಕಾರಲ್ಲಿ ಕೂತು ಹೊರಟ್ರೆ ಆರಾಮ, ಕಾರ್ ನಿಂತ್ರೆ ಮತ್ತೆ ಶುರು. ಬಸ್ಸಲ್ಲಿ ತಲೆಸುತ್ತೋದಕ್ಕೆ ಇದು ತದ್ವಿರುದ್ಧ. ಬಸ್ಸಲ್ಲಿ ಸುತ್ತುತ್ತೆ ಅಂದಮಾತ್ರಕ್ಕೆ ನಿಮ್ಮ ತಾಯಿಗೆ ಇದೂ ಬಂದೇ ಬರುತ್ತೆ ಅನ್ಕೋಬೇಡಿ. ತಿಂಗಳು ದಾಟಿದ್ರೂ ಹೋಗದೇ ಇದ್ರೆ ಅದನ್ನ ಮಾಲ್ ಡಿ ಡಿಬಾರ್ಕ್‌ಮೆಂಟ್ ಅಂತಾರೆ, ಮಧ್ಯವಯಸ್ಸಿನ ಹೆಂಗಸರಲ್ಲಿ ಜಾಸ್ತಿ ಕಾಣ್ಸುತ್ತೆ, ಅಂಥವರು ನರರೋಗ ತಜ್ಞರನ್ನೋ ಇಎನ್‌ಟಿನೋ ನೋಡ್ಬೇಕು. ನಿಮ್ಮ ಅತ್ತಿಗೆ ಫ್ರೆಂಡ್‌ದು ಅದೇ ಇರಬಹುದು, ಅದು ಅಪರೂಪ.

ಮನೇಲಿ ಮಾಡ್ಬೇಕಾದ್ದು: ಚೆನ್ನಾಗಿ ನಿದ್ದೆ, ನೀರು, ಹಗಲಲ್ಲಿ ಬಯಲಲ್ಲಿ ದೂರ ನೋಡ್ತಾ ನಡೆಯೋದು. ಮೊದಲ ದಿನಗಳಲ್ಲಿ ಬಚ್ಚಲಲ್ಲಿ ಒದ್ದೆ ನೆಲ ಹುಷಾರು, ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತೇ ಸ್ನಾನ ಮಾಡ್ಲಿ. ಅಪ್ಪಾಜಿ ಬಂದ ದಿನಾನೇ ಸ್ಕೂಟರ್ ಎತ್ಕೊಂಡು ಹೊರಡೋದು ಬೇಡ. ಬಸ್ ಪ್ರಯಾಣದ ವಾಂತಿ ಮಾತ್ರೆ ಇದಕ್ಕೆ ಪ್ರಯೋಜನ ಇಲ್ಲ, ಮೇಲಿಂದ ವಯಸ್ಸಾದವರಿಗೆ ಮಂಪರು ಬಂದು ಬೀಳೋದೇ ಜಾಸ್ತಿ. ಹಾಸಿಗೇಲಿ ಮಗ್ಗುಲು ತಿರುಗಿದಾಗ ಮಾತ್ರ ಮನೆ ಗಿರ್ರನೆ ಸುತ್ತಿದ್ರೆ ಅದು ಬೇರೆ, ಕಿವಿ ಒಳಗಿನ ಹರಳು ಜಾರಿದ್ದು, ಕ್ಲಿನಿಕ್‌ನಲ್ಲಿ ತಲೆ ತಿರುಗಿಸಿ ಸರಿ ಮಾಡ್ತೀವಿ. ಮಾತು ತೊದಲೋದು, ಒಂದು ಕಡೆ ಕೈಕಾಲು ಶಕ್ತಿ ಹೋಗೋದು, ಎರಡೆರಡು ಕಾಣೋದು ಇದ್ರೆ ಹಡಗಿನ ಸುತ್ತು ಅಂತ ಮನೇಲಿ ಕೂರ್ಬೇಡಿ, ಬಿಪಿ ಶುಗರ್ ಇರೋರು, ತಕ್ಷಣ ಆಸ್ಪತ್ರೆ.

ಇನ್ನೊಂದು ಮಾತು. ಹಡಗಲ್ಲಿ ನೋರೋವೈರಸ್ ಅಂತ ವಾಂತಿಭೇದಿ ಸುತ್ತುತ್ತಿರುತ್ತೆ. ತಗಲಿ 12ರಿಂದ 48 ಗಂಟೆ ಆದ್ಮೇಲೆ ಕಾಣ್ಸೋದು, ಹಂಗಾಗಿ ಕೊನೇ ದಿನ ತಗಲಿದ್ರೆ ತುಮಕೂರಿಗೆ ಬಂದ್ಮೇಲೆ ಶುರುವಾಗಬಹುದು. ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ನಾಟಲ್ಲ, ಸೋಪು ನೀರಲ್ಲಿ ಕೈ ತೊಳೀಬೇಕು.

ಮುಳಬಾಗ್ಲು_ಮಂಜ

ಡಾಕ್ಟ್ರೇ ಇದು ಓದಿ ನನಗೆ ಸಮಾಧಾನ ಆಯ್ತು. ಊರಿಗೆ ಬಂದ ಮೊದಲ ದಿನಗಳಲ್ಲಿ ದೇವರ ಮನೇಲಿ ಕಣ್ಮುಚ್ಚಿ ನಿಂತ್ರೆ ವಾಲ್ತೀನಿ, ನಮ್ಮಜ್ಜಿ ಹುಡುಗ ಕುಡಿದು ಬಂದವ್ನೆ ಅಂತ ಊರಿಗೆಲ್ಲ ಸಾರಿಬಿಟ್ಟಿದ್ರು.

ಸುಮಕ್ಕ, ಮಾತ್ರೆ ಟೈಮಿನ ವಿಷ್ಯ ಹೇಳೋದು ಮರೆತೆ. ಆ ಕಡೆಯಿಂದ ಈ ಕಡೆ ಬರೋವಾಗ ದಾರೀಲೇ ಗಡಿಯಾರ ಆಗಾಗ ಒಂದೊಂದು ಗಂಟೆ ಮುಂದೆ ಇಡ್ತಾರೆ, ಫ್ಲೋರಿಡಾಗೂ ಬಾರ್ಸಿಲೋನಾಗೂ ಒಟ್ಟು ಆರು ಗಂಟೆ. ಒಂದೊಂದೇ ಗಂಟೆ ಹೋಗೋದ್ರಿಂದ ಮೈಗೆ ಗೊತ್ತಾಗಲ್ಲ, ಇಳಿದ ಮೇಲೆ ಇಂಡಿಯಾಗೆ ಉಳಿಯೋದು ಮೂರೂವರೆ ಗಂಟೆ ಅಷ್ಟೇ. ನೇರ ಅಮೆರಿಕಾದಿಂದ ಬಂದವರು ವಾರ ಪೂರ್ತಿ ರಾತ್ರಿ ಎರಡಕ್ಕೆ ಎದ್ದು ಕೂರ್ತಾರಲ್ಲ ಅದು ಇವರಿಗೆ ಇರಲ್ಲ. ನಿಮ್ಮಣ್ಣ ಅಷ್ಟರ ಮಟ್ಟಿಗೆ ಒಳ್ಳೇ ಕೆಲಸಾನೇ ಮಾಡವ್ನೆ. ಆದ್ರೆ ಫೋನಲ್ಲಿ ಟೈಮ್ ತಾನಾಗೇ ಬದಲಾಗಲ್ಲ ಸಮುದ್ರದ ಮಧ್ಯೆ, ರೂಮಿಗೆ ಬರೋ ಪೇಪರ್ ನೋಡಿ ಕೈಯಲ್ಲೇ ಬದಲಾಯಿಸ್ಬೇಕು, ಇಲ್ಲಾಂದ್ರೆ ತಿಂಡಿ ಮುಗಿದ ಮೇಲೆ ಹೋಗಿ ನಿಂತಿರ್ತಾರೆ. ಫೋನು ಏರೋಪ್ಲೇನ್ ಮೋಡಲ್ಲೇ ಇರ್ಲಿ, ಹಡಗಿನ ನೆಟ್‌ವರ್ಕ್ ಹಿಡ್ಕೊಂಡ್ರೆ ಬಿಲ್ಲು ಕಣ್ಣಲ್ಲಿ ನೀರು ತರಿಸುತ್ತೆ. ಶುಗರ್ ಮಾತ್ರೆ ಯಾವ ಗಂಟೆಗೆ ಅಂತ ಹೊರಡೋ ಮುಂಚೆ ಅವರ ಡಾಕ್ಟರ್ ಹತ್ರಾನೇ ಬರೆಸ್ಕೊಳ್ಳಲಿ.

ರಿಟೈರ್ಡ್_ಕ್ಯಾಷಿಯರ್_ಗೌರಿಬಿದನೂರು

ಉಳಿದ ಡಾಲರ್ ಯೂರೋ ವಿಚಾರ ಯಾರೂ ಹೇಳಿಲ್ಲ. ಬ್ಯಾಂಕಲ್ಲಿ ವಿದೇಶಿ ನೋಟಿನ ಕೌಂಟರಲ್ಲಿ ಕೂತಿದ್ದವನು ನಾನು. ವಾಪಸ್ ಬಂದ 180 ದಿನದೊಳಗೆ ಉಳಿದ ವಿದೇಶಿ ನೋಟನ್ನ ಬ್ಯಾಂಕಿಗೋ ಅಧಿಕೃತ ಡೀಲರಿಗೋ ಕೊಟ್ಟು ರೂಪಾಯಿ ಮಾಡ್ಕೋಬೇಕು, 2000 ಡಾಲರ್‌ವರೆಗೆ ಮನೇಲಿ ಇಟ್ಕೋಬಹುದು. ಚಿಲ್ಲರೆ ನಾಣ್ಯಕ್ಕೆ ಮಿತಿ ಇಲ್ಲ, ಆದ್ರೆ ನಾಣ್ಯ ಇಲ್ಲಿ ಯಾರೂ ತಗೊಳ್ಳಲ್ಲ, ಅದನ್ನ ಬಾರ್ಸಿಲೋನಾ ಏರ್‌ಪೋರ್ಟಲ್ಲೇ ಕಾಫಿ ಕುಡಿದು ಮುಗಿಸಿಬಿಡಿ. ಹಡಗಲ್ಲಿ ಕಾರ್ಡ್ ಬದಲು ಕ್ಯಾಷ್ ಡಿಪಾಸಿಟ್ ಕಟ್ಟಿದ್ರೆ ಉಳಿದದ್ದನ್ನ ಕೊನೇ ರಾತ್ರೀನೇ ಕೇಳಿ ತಗೊಳ್ಳಿ. ಕಾರ್ಡ್ ಕೊಟ್ಟಿದ್ರೆ ತಡೆಹಿಡಿದ ದುಡ್ಡು ಬಿಡೋಕೆ ಕೆಲವು ದಿನ ಆಗುತ್ತೆ, ಗಾಬರಿ ಬೇಡ.

ಚಿನ್ನ ಗಿನ್ನ ಹಡಗಿನ ಅಂಗಡೀಲಿ ತಗೊಂಡು ಬರಬೇಡಿ. ಡ್ಯೂಟಿ ಇಲ್ದೆ ಒಡವೆ ತರೋ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಮಾತ್ರ. ಇಲ್ಲಿಂದ ಹಾಕ್ಕೊಂಡು ಹೋದ ಒಡವೆ ಬೇರೆ ವಿಷಯ. ಬಾಟಲಿ ತಲಾ ಎರಡು ಲೀಟರ್, ಮೇಷ್ಟ್ರಿಗೆ ಅದರ ಗೊಡವೆ ಇರಲಾರದು ಅನ್ಕೋತೀನಿ.

ಕ್ಯಾತಸಂದ್ರ_ಪುಟ್ಟಣ್ಣ

ಎಲ್ಲಾ ಹಡಗಿಂದ ಇಳಿಯೋದರ ಬಗ್ಗೆನೇ ಹೇಳಿದ್ರಿ, ಮನೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ಸುಮಮ್ಮ, ಅವರ ಮನೆ ತಿಂಗಳುಗಟ್ಟಲೆ ಬೀಗ ಹಾಕಿದೆ ತಾನೆ? ನನ್ನ ಪ್ರಕಾರ ಪ್ರಯಾಣದ ನಿಜವಾದ ಕಷ್ಟ ಇರೋದು ಅಲ್ಲಿ. ಎರಡು ವಾರ ಹಾಸಿಗೆ ಹಾಸಿ ಕೊಟ್ಟು, ತಟ್ಟೆ ಎತ್ಕೊಂಡು ಹೋಗಿ ತೊಳೆದು, ಸ್ನಾನಕ್ಕೆ ಬಿಸಿನೀರು ಇಪ್ಪತ್ನಾಲ್ಕು ಗಂಟೆ ಬರೋ ಜಾಗದಿಂದ ಸೀದಾ ಬಂದು ಧೂಳು ಹಿಡಿದ ಮನೆ ಬಾಗಿಲು ತೆಗೆದು ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಗಾಳಿ ಬಂದ್ರೆ ಎಂಥವರಿಗೂ ಅಳು ಬರುತ್ತೆ. ಅದ್ರಲ್ಲೂ ನಿಮ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಪೊರಕೆ ಹಿಡೀತಾರೆ, ಬೇಡ ಅಂದ್ರೂ ಕೇಳಲ್ಲ, ನಮ್ಮ ಕಡೆ ಹೆಂಗಸರು ಎಲ್ರೂ ಹಂಗೇ.

ನೀವು ಎರಡು ದಿನ ಮುಂಚೆ ಹೋಗಿ. ಮೊದಲು ಸಂಪು, ಮೇಲಿನ ಟ್ಯಾಂಕು. ನಿಂತ ನೀರು ಪೂರ್ತಿ ಚೆಲ್ಲಿ ತೊಳೆಸಿ ಆಮೇಲೆ ಹೊಸ ನೀರು ಬಿಡಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದೇ ಹಿಂಗೆ ನಿಂತ ತಿಳಿನೀರಲ್ಲಿ, ಹೂಕುಂಡದ ತಟ್ಟೆನೂ ಬೋರಲು ಹಾಕಿ. ಬುಗುಡನಹಳ್ಳಿ ಕೆರೆ ನೀರು ನಿಮ್ಮ ಬೀದಿಗೆ ಯಾವ ದಿನ ಬಿಡ್ತಾರೆ ನೋಡ್ಕೊಂಡು ಅದಕ್ಕೆ ಸರಿಯಾಗಿ ತೊಳೆಸಿ, ಇಲ್ಲಾಂದ್ರೆ ಟ್ಯಾಂಕರ್ ತರಿಸ್ಬೇಕಾಗುತ್ತೆ. ಮೋಟಾರ್ ತಿಂಗಳುಗಟ್ಟಲೆ ಓಡದೇ ಇದ್ರೆ ಜಾಮ್ ಆಗಿರುತ್ತೆ, ಸ್ವಿಚ್ ಹಾಕಿದಾಗ ಗುಂಯ್ ಅಂತ ಸದ್ದು ಮಾತ್ರ ಬಂದ್ರೆ ತಕ್ಷಣ ಆಫ್ ಮಾಡಿ, ಇಲ್ಲ ಕಾಯಿಲ್ ಸುಟ್ಟೋಗುತ್ತೆ, ಎಲೆಕ್ಟ್ರಿಷಿಯನ್ ಕರೆಸಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡ್ಸಿ. ರಾಗಿಹಿಟ್ಟು ರವೆ ಡಬ್ಬದಲ್ಲಿ ಹುಳ ಆಗಿರುತ್ತೆ, ಜರಡಿ ಹಿಡಿಯೋಕೆ ಹೋಗ್ಬೇಡಿ, ಎಸೆದು ಹೊಸದಾಗಿ ಮಿಲ್ಲಿಗೆ ಹಾಕ್ಸಿ.

ದಾರಿ: ಏರ್‌ಪೋರ್ಟಿನ ಟರ್ಮಿನಲ್ ಎರಡರಲ್ಲಿ ಬರ್ತಾರೆ. ಬೆಂಗಳೂರು ಒಳಗೆ ಹೋಗಿ ಹೆಬ್ಬಾಳದಲ್ಲಿ ಸಿಕ್ಕಾಕ್ಕೋಬೇಡಿ, ದೇವನಹಳ್ಳಿ ದೊಡ್ಡಬಳ್ಳಾಪುರ ದಾಬಸ್‌ಪೇಟೆ ಹೊಸ ರಿಂಗ್ ರೋಡ್ ಹಿಡಿದ್ರೆ ಸೀದಾ ತುಮಕೂರು ಹೈವೇಗೆ ಬಂದು ಬೀಳ್ತೀರಿ. ಗಲ್ಫ್ ಫ್ಲೈಟು ಬೆಳಗಿನ ಜಾವ ಬಂದ್ರೆ ಡ್ರೈವರ್ ನಿದ್ದೆ ಮಾಡಿದಾನಾ ಕೇಳಿ. ಕ್ಯಾತಸಂದ್ರ ಬರೋ ಹೊತ್ತಿಗೆ ತಟ್ಟೆ ಇಡ್ಲಿ ಬಿಸಿ ಬಿಸಿ ಸಿಗುತ್ತೆ, ಅಲ್ಲಿ ನಿಲ್ಸಿ. ಎರಡು ವಾರ ಬ್ರೆಡ್ಡು ಪಾಸ್ತಾ ತಿಂದ ಬಾಯಿಗೆ ಬೇರೇನೂ ಬೇಡ.

ಚಿಂತಾಮಣಿ_ರವಿ

ಪುಟ್ಟಣ್ಣ ಹಡಗಲ್ಲಿ ಬರೀ ಬ್ರೆಡ್ಡಲ್ಲ, ಮೊದಲೇ ಹೇಳಿದ್ರೆ ಅನ್ನ ದಾಲ್ ಮೊಸರು ಎಲ್ಲಾ ಮಾಡಿಕೊಡ್ತಾರೆ. ಆದ್ರೆ ಮುದ್ದೆ ಕೊಡಲ್ಲ, ಅದು ಒಪ್ಪಿದೆ. ಮಂಜ, ಒಂದು ಕೇಳ್ತೀನಿ, ಇವರು ಎರಡು ವಾರಕ್ಕೇ ಇಷ್ಟು ತಯಾರಿ. ತಿಂಗಳುಗಟ್ಟಲೆ ಇದ್ದು ಇಳಿಯೋ ನಿಮ್ಮ ಕಥೆ ಏನು?

ಮುಳಬಾಗ್ಲು_ಮಂಜ

ನಮ್ದು ಬೇರೆ ಥರ ಅಣ್ಣ. ಇಳಿಯೋದಕ್ಕೆ ನಾವು ಸೈನ್ ಆಫ್ ಅಂತೀವಿ. ಕಾಂಟ್ರಾಕ್ಟ್ ಕಂಪನಿ ಮೇಲೆ, ಕೆಲಸದ ಮೇಲೆ ಆರು ತಿಂಗಳಿಂದ ಒಂಬತ್ತು ತಿಂಗಳು ಇರುತ್ತೆ. ಕಾಂಟ್ರಾಕ್ಟ್ ಮುಗಿದ್ರೆ ಊರಿಗೆ ಕಳಿಸೋ ಖರ್ಚು ಕಂಪನೀದೇ, ಅದು ಅಂತಾರಾಷ್ಟ್ರೀಯ ಕಾನೂನಲ್ಲೇ ಇದೆ, 2006ರ ಎಂಎಲ್‌ಸಿ ಅಂತ, ಹಡಗಿನ ಕೆಲಸಗಾರರ ಒಪ್ಪಂದ. ಸಿಡಿಸಿ ಅಂತ ಹಡಗಿನ ಕೆಲಸದವರಿಗೆ ಕೊಡೋ ದಾಖಲೆ ಪುಸ್ತಕದಲ್ಲಿ ಹತ್ತಿದ ತಾರೀಖು ಇಳಿದ ತಾರೀಖು ಸೀಲ್ ಹಾಕಿಸ್ಕೊಳ್ಳೋದು ಮರೀಬಾರ್ದು, ಇನ್‌ಕಮ್ ಟ್ಯಾಕ್ಸಿಗೆ ಎಷ್ಟು ದಿನ ಹೊರಗಿದ್ದ ಅನ್ನೋ ಲೆಕ್ಕ ಅದರ ಮೇಲೇ ನಿಂತಿದೆ. ಇಲ್ಲಿ ಓದ್ತಿರೋ ಹುಡುಗ್ರು ಯಾರಾದ್ರೂ ಹಡಗಿಗೆ ಹೋಗೋರಿದ್ರೆ ಇದೊಂದು ತಲೇಲಿ ಇಟ್ಕೊಳ್ಳಿ.

ಇಳಿಯೋ ದಿನಾನೂ ಬೆಳಗ್ಗೆವರೆಗೂ ಡ್ಯೂಟಿ ಮಾಡಿರ್ತೀವಿ. ಹಡಗಲ್ಲಿ ಭಾನುವಾರ ಅನ್ನೋದೇ ಇಲ್ಲ, ಇವತ್ತು ಯಾವ ವಾರ ಅಂತ ಕೇಳಿದ್ರೆ ಗೊತ್ತಾಗಲ್ಲ, ಇವತ್ತು ನೇಪಲ್ಸ್ ನಾಳೆ ಸಮುದ್ರ ಅಂತಾನೇ ಲೆಕ್ಕ. ಊರಿಗೆ ಬಂದ್ಮೇಲೆ ಅವರು ಸೋಮವಾರ ಸಂತೆ ಅಂದ್ರೆ ನಾನು ತಲೆ ಕೆರ್ಕೋತೀನಿ. ರಾತ್ರಿ ನಿದ್ದೆ ಬರಲ್ಲ, ಎಂಜಿನ್ ಗುಡುಗುಡು ಇಲ್ದೆ ಕಿವಿ ಖಾಲಿ ಖಾಲಿ, ಫ್ಯಾನ್ ಐದರಲ್ಲಿಟ್ಟು ಮಲಗ್ತೀನಿ ಚಳೀಲೂ. ಬೆಳಗ್ಗೆ ಎದ್ದು ಹಾಸಿಗೆ ಮೂಲೆ ಮಡಚಿ ಹೋಟೆಲ್ ಥರ ಮಾಡಿಬಿಡ್ತೀನಿ, ಅಮ್ಮ ನೋಡಿ ಇದೇನೋ ಮದುವೆ ಮನೇನಾ ಅಂತಾರೆ.

ಬೇಜಾರಿನ ವಿಷ್ಯ ಅಂದ್ರೆ ಮನೆಯವರು ಇವನು ಇಲ್ದೇನೇ ಎಲ್ಲ ನಡೆಸ್ಕೊಂಡು ಹೋಗಿರ್ತಾರೆ, ಬೋರ್ ರಿಪೇರಿ, ತಂಗಿ ಫೀಸು, ಮಾವಿನ ತೋಪಿನ ಗುತ್ತಿಗೆ ಎಲ್ಲಾ. ಬಂದು ಎರಡು ದಿನ ನೆಂಟನ ಥರ ನೋಡ್ಕೋತಾರೆ, ಮೂರನೇ ದಿನ ನಾನೇ ಹೋಗಿ ಏನಾದ್ರೂ ಕೆಲಸ ಹೇಳಿ ಅಂತೀನಿ. ದನ ಹಿಡಿಯೋಕೆ ಕಳಿಸಿದ್ರೆ ಆವಾಗ ಮನೆಗೆ ಬಂದಂಗೆ.

ಕೋಲಾರ_ಇಎನ್‌ಟಿ

ಫ್ಯಾನ್ ವಿಷಯ ನಿಜ, ತಿಂಗಳುಗಟ್ಟಲೆ ಒಂದು ಸದ್ದಿಗೆ ಒಗ್ಗಿದವರಿಗೆ ನಿಶ್ಶಬ್ದದಲ್ಲಿ ನಿದ್ದೆ ಹತ್ತಲ್ಲ. ವಯಸ್ಸಾದವರಿಗೆ ಎರಡೇ ವಾರ ಆದ್ರಿಂದ ಇದು ಅಷ್ಟಿರಲ್ಲ.

ಸುಮ ಅವರೇ, ವಿಮಾನದಲ್ಲಿ ಇಬ್ಬರೂ ಆಗಾಗ ಎದ್ದು ಓಡಾಡ್ಲಿ ಅನ್ನಿ, ಪಾದ ಮೇಲೆ ಕೆಳಗೆ ಆಡಿಸ್ತಿರಲಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು. ಹಡಗಲ್ಲಿ ಸಿಹಿ ಇಪ್ಪತ್ನಾಲ್ಕು ಗಂಟೆ ಎದುರಿಗೆ ಇರುತ್ತೆ, ಬಂದ್ಮೇಲೆ ತಾಯಿದು ಶುಗರ್ ಒಂದು ಸಲ ಚೆಕ್ ಮಾಡ್ಸಿ.

ಸುಮ_ಎಸ್ಎಸ್‌ಪುರಂ

ಅಬ್ಬಾ ಇಷ್ಟೊಂದು ಹೇಳ್ತೀರಾ ಅನ್ಕೊಂಡಿರ್ಲಿಲ್ಲ. ಎಲ್ಲಾ ಅಣ್ಣಂಗೆ ಫಾರ್ವರ್ಡ್ ಮಾಡ್ದೆ, ಈಗ ಸೀರಿಯಸ್ ಆಗಿ ವೀಲ್‌ಚೇರ್ ಬರೆಸಿದಾನೆ, ಅವನ ಫ್ಲೈಟ್ ಹತ್ತೂ ಮುಕ್ಕಾಲಿಗೆ ಇತ್ತಂತೆ, ಅದನ್ನ ಮಧ್ಯಾಹ್ನಕ್ಕೆ ಹಾಕಿಸ್ಕೊಂಡು ಇವರನ್ನ ಚೆಕ್‌ಇನ್‌ವರೆಗೂ ಬಿಟ್ಟು ಹೋಗ್ತಾನಂತೆ. ಅಮ್ಮ ವೀಲ್‌ಚೇರ್ ಬೇಡ ಜನ ಏನಂದ್ಕೋತಾರೆ ಅಂತ ಶುರು ಮಾಡಿದ್ರು, ಅಲ್ಲಿ ನಿಮ್ಮನ್ನ ಯಾರಿಗೂ ಗೊತ್ತಿಲ್ಲಮ್ಮ ಅಂದೆ, ಹೌದಲ್ವಾ ಅಂತ ಒಪ್ಕೊಂಡ್ರು.

ಪುಟ್ಟಣ್ಣ, ನೀವು ಹೇಳಿದ್ದು ಓದಿ ಇವತ್ತೇ ಮನೆಗೆ ಹೋಗಿದ್ದೆ. ಮೋಟಾರ್ ಗುಂಯ್ ಅಂತು, ಆಫ್ ಮಾಡಿ ಬಂದಿದೀನಿ. ಎಸ್ಎಸ್‌ಪುರಂ ಕಡೆ ಸಂಪು ತೊಳೆಯೋರು, ಮೋಟಾರ್ ನೋಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ.

ಕ್ಯಾತಸಂದ್ರ_ಪುಟ್ಟಣ್ಣ

ಇನ್‌ಬಾಕ್ಸ್ ಮಾಡಿದೀನಿ ನೋಡಮ್ಮ. ಮೋಟಾರ್ ಹುಡುಗ ಗುರುವಾರ ಬರ್ತಾನೆ, ಸಂಪಿನವನು ಬೆಳಗ್ಗೆ ಏಳಕ್ಕೇ ಬಂದು ನಿಲ್ತಾನೆ, ಬೀಗದ ಕೈ ರೆಡಿ ಇಟ್ಕೊಂಡಿರಿ.